ಫ್ರೀಜರಿನಲ್ಲಿ ಉಳಿದ ಹೊದಿಕೆ

ಟೈಲರ್ ಆಂಟಿಯ ಹೊದಿಕೆ ಇನ್ನೂ ಫ್ರೀಜರಿನಲ್ಲೇ ಇದೆ ಎಂಬ ಚಿಂತೆ ಅವಳನ್ನು ಬಿಟ್ಟೂಬಿಡದೆ ಕಾಡುತ್ತಿತ್ತು. ಮಗುವಿಗೆ ಉಣಿಸುವಾಗಲೂ ಅದೇ, ಬಸ್ಸಿನಲ್ಲೂ ಅದೇ.

ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಮ್ಮಿನಲ್ಲಿ ಅವಳ ಕೆಲಸ ಸುತ್ತಲಿನ ಬೀದಿಗಳ ಜನರನ್ನು ಒಳಗೆ ಕರೆತರುವುದು. ಹೇಳುವುದಕ್ಕೇನೋ ಸುಲಭ. ಆ ಗಾಜಿನ ಬಾಗಿಲು ಕಂಡರೆ ಸಾಕು, ಇದು ನಮ್ಮಂಥವರಿಗಲ್ಲ ಎಂದು ಜನ ಎದುರು ಫುಟ್‌ಪಾತ್ ಹಿಡಿಯುತ್ತಿದ್ದರು. ಅದಕ್ಕೇ ಬೀದಿಯವರ ಕೈಕೆಲಸಗಳದ್ದೇ ಒಂದು ಪ್ರದರ್ಶನ ಮಾಡೋಣವೆಂದು ಹಟ ಹಿಡಿದವಳು ಅವಳು. ಮಗುವನ್ನು ಸೊಂಟಕ್ಕೇರಿಸಿಕೊಂಡು ಮನೆಮನೆ ಅಲೆದವಳೂ ಅವಳೇ. ಗೇಟಿನೆದುರು ಹೊಲಿಗೆ ಅಂಗಡಿ ಇಟ್ಟಿದ್ದ ಆಂಟಿ, ಚೂರುಬಟ್ಟೆ ಕೂಡಿಸಿ ಹೊಲಿದಿದ್ದ ಹೊದಿಕೆ ಕೊಟ್ಟರು.

"ಒಂದೇ ವಾರ ಕಣಮ್ಮ. ಇದಿಲ್ದೆ ನನ್ನ ಮೊಮ್ಮಗಳು ಕಣ್ಣು ಮುಚ್ಚಲ್ಲ. ತಡ ಮಾಡಿದ್ರೆ ಅವಳನ್ನ ನಿನ್ನ ಮನೇಲೇ ತಂದು ಮಲಗಿಸ್ತೀನಿ ನೋಡು!"

"ಅಯ್ಯೋ ಆಂಟಿ, ನಾನೇ ತಂದುಕೊಡ್ತೀನಿ."

ಹೊರಗಿನಿಂದ ಬಂದ ಬಟ್ಟೆಯನ್ನು ಫ್ರೀಜರಿನಲ್ಲಿಟ್ಟು, ಹುಳು ಸತ್ತ ಮೇಲೆಯೇ ಗೋಡೆಗೇರಿಸುವುದು ಮ್ಯೂಸಿಯಮ್ಮಿನ ಪದ್ಧತಿ. ಅದಕ್ಕೆ ವಾರಗಟ್ಟಲೆ ಬೇಕೆಂಬುದು ಆತುರದಲ್ಲಿ ಅವಳಿಗೆ ಹೊಳೆದೇ ಇರಲಿಲ್ಲ. ಉದ್ಘಾಟನೆಯ ದಿನ ಗೋಡೆಯ ಮೇಲಿದ್ದದ್ದು ಹೊದಿಕೆಯ ಫೋಟೊ. ಒಳಗೆ ನಿರ್ದೇಶಕರು "ಮ್ಯೂಸಿಯಂ ಎಲ್ಲರದೂ" ಎಂದು ಭಾಷಣ ಬಿಗಿಯುತ್ತಿದ್ದರೆ, ಐಡಿ ಕಾರ್ಡ್ ಇಲ್ಲವೆಂದು ಸೆಕ್ಯೂರಿಟಿಯವರು ಆಂಟಿಯನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದರು.

ಪ್ರದರ್ಶನ ಮುಗಿದರೂ ಹೊದಿಕೆ ಹೊರಬರಲಿಲ್ಲ. ಸಂಗ್ರಹ ಕೋಣೆಯ ಅಧಿಕಾರಿಯನ್ನು ಕೇಳಿ ಕೇಳಿ ಅವಳಿಗೆ ಸಾಕುಸಾಕಾಯಿತು.

"ತಜ್ಞರು ನೋಡದೆ ಕೊಡೋ ಹಾಗಿಲ್ಲ ಮೇಡಂ. ಅವರು ರಜೆಲಿದ್ದಾರೆ."

"ಅದು ಮಗು ಹೊದ್ದುಕೊಳ್ಳೋದು ಸಾರ್!"

"ಇಲ್ಲಿಗೆ ಬಂದ ಮೇಲೆ ಅದು ಕಲಾಕೃತಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆಂಟಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಅವರ ಫೋನ್ ಬಂದಾಗಲೆಲ್ಲ ಮೊಬೈಲ್ ಬೋರಲು ಹಾಕುತ್ತಿದ್ದಳು. ಅಂಗಡಿ ತಪ್ಪಿಸಲು ಹಿಂದಿನ ಗೇಟಿನಿಂದ ಓಡಾಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅವಳ ಮಗು ಅವಳದೇ ಹಳೇ ದುಪಟ್ಟಾ ಬಾಯಿಗಿಟ್ಟುಕೊಂಡು ನಿದ್ದೆ ಹೋಗಿತ್ತು. ಒಗೆಯೋಣವೆಂದು ಮೆಲ್ಲಗೆ ಎಳೆದದ್ದೇ ತಡ, ಮನೆ ಹಾರಿಹೋಗುವಂತೆ ಕಿರುಚಿತು. ದುಪಟ್ಟಾವನ್ನು ಮತ್ತೆ ಅದರ ಕೈಗೆ ತುರುಕಿ, ಅವಳು ಮೊಬೈಲ್ ಎತ್ತಿಕೊಂಡಳು.

"ಬದುಕಿದ್ದೀಯಾ ತಾಯಿ?" ಎಂದರು ಆಂಟಿ.

"ಬೈರಿ ಆಂಟಿ, ಆಮೇಲೆ ಎಷ್ಟು ಬೇಕಾದ್ರೂ ಬೈರಿ. ಹೊದಿಕೆ ಅವರು ಕೊಡ್ತಿಲ್ಲ. ನಾಳೆ ಬೆಳಗ್ಗೆ ಮೊಮ್ಮಗಳನ್ನೂ ಕರ್ಕೊಂಡು ದೊಡ್ಡ ಗೇಟಿಗೇ ಬನ್ನಿ."

"ಮತ್ತೆ ಕಾರ್ಡ್ ಕೇಳಿದ್ರೆ?"

"ಕೇಳ್ಲಿ. ನಾನೂ ಮಗು ಎತ್ಕೊಂಡು ಅಲ್ಲೇ ನಿಂತಿರ್ತೀನಿ. ಹೊದಿಕೆ ಕೈಗೆ ಬರೋ ತನಕ ಯಾರೂ ಕದಲೋದು ಬೇಡ."