ಕೋತ್ವಾಲನೂ ಮಗಳ ಎದೆಯ ಸೀಟಿಯೂ

ಸೀಟಿ ಊದುವುದು ನನ್ನ ಕೆಲಸ. ಬೀದರ್–ಔರಾದ ಬಸ್ಸಿನ ಕಂಡಕ್ಟರ್ ನಾನು. ಒಂದು ಸೀಟಿಗೆ ಬಸ್ಸು ನಿಲ್ಲುತ್ತದೆ, ಎರಡಕ್ಕೆ ಹೊರಡುತ್ತದೆ. ಹೀಗಾಗಿ ನನ್ನ ರಜೆಯ ದಿನ ಮಗಳ ಜೊತೆ ಔರಾದ ಕಡೆಯಿಂದ ವಾಪಸ್ ಬರುವಾಗ ಬಸ್ಸಿನೊಳಗೆ ಸಣ್ಣ ಸೀಟಿಯ ಸದ್ದು ಕೇಳಿಸಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಯಾರೋ ಹುಡುಗರ ಕಿಡಿಗೇಡಿತನ ಎಂದುಕೊಂಡು ಹಿಂದೆ ತಿರುಗಿ ಬೈಯಲು ಬಾಯಿಯನ್ನೂ ತೆರೆದಿದ್ದೆ.

ಸದ್ದು ಬರುತ್ತಿದ್ದದ್ದು ನನ್ನ ಮಗಳ ಎದೆಯಿಂದ.

ರೇಣುಗೆ ಆಗ ಎಂಟು ವರ್ಷ. ತೊಡೆಯ ಮೇಲೆ ಒಂದು ನಾಯಿಮರಿ. ಕಣ್ಣುಗಳು ಕೆಂಪಾಗಿ ಊದಿದ್ದವು. ಮೂಗು ಸೋರುತ್ತಿತ್ತು. ಉಸಿರು ಎಳೆದಾಗಲೆಲ್ಲ ಕತ್ತಿನ ಕೆಳಗಿನ ಗುಳಿ ಒಳಗೆ ಹೋಗುತ್ತಿತ್ತು. ಇಷ್ಟಾದರೂ ಮರಿಯನ್ನು ಮಾತ್ರ ಎದೆಗೆ ಒತ್ತಿ ಹಿಡಿದಿದ್ದಳು.

"ಏನೂ ಆಗಿಲ್ಲ ಅವ್ವಾ," ಅಂದಳು.

ಈ ಮಾತನ್ನು ನಂಬಬಾರದು ಎಂದು ಕಲಿಯಲು ನನಗೆ ಬಹಳ ತಿಂಗಳು ಬೇಕಾದವು.

ನನ್ನ ಗಂಡ ಶಿವರಾಜನ ಮನೆಯವರು ಸಂತಪುರ ದಾಟಿ ಔರಾದಿಗೆ ಹೋಗುವ ದಾರಿಯ ಬದಿಯ ಹಳ್ಳಿಯವರು, ಕುರಿ ಸಾಕುವವರು. ಮೊಮ್ಮಕ್ಕಳು ಸಾಲೆಗೆ ಸೇರಿದ ಮೇಲೆ ಹಟ್ಟಿಯ ನಾಯಿ ಹಾಕಿದ ಮರಿಗಳಲ್ಲಿ ಒಂದನ್ನು ಆ ಮಗುವಿನ ಹೆಸರಿಗೆ ಬಿಡುವುದು ಆ ಮನೆಯ ರೂಢಿ. ರೇಣುವಿನ ದೊಡ್ಡಪ್ಪನ ಮಕ್ಕಳಿಗೆಲ್ಲ ಸಿಕ್ಕಿತ್ತು. ಇವಳ ಪಾಳಿ ಬಂದಾಗ ನನ್ನ ಮಾವ ಮರಿಯನ್ನು ಆರಿಸಿ, ಕೋತ್ವಾಲ, ಅಂದರೆ ಊರ ಕಾವಲಿನ ಅಧಿಕಾರಿ, ಎಂದು ಹೆಸರಿಟ್ಟು ಕೊಟ್ಟರು. "ಕಾಯೋ ನಾಯಿಗಿ ದರ್ಜೆದ ಹೆಸರು ಇರಬೇಕವ್ವಾ" ಎಂದು ಅವರ ವಾದ. ನಾನೂ ಬೇಡ ಅನ್ನಲಿಲ್ಲ. ನಂದು ಬಸ್ಸಿನ ಡ್ಯೂಟಿ, ಶಿವರಾಜ ಲೈನ್‌ಮನ್. ಸಾಲೆ ಬಿಟ್ಟ ಮೇಲೆ ಹುಡುಗಿ ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬಳೇ ಕೂತಿರುತ್ತಾಳೆ, ಒಂದು ಜೊತೆಯಾಗುತ್ತದೆ ಎಂದುಕೊಂಡೆ.

ಆ ದಿನ ಬೀದರಿನ ಬಸ್ ಸ್ಟ್ಯಾಂಡಿನಿಂದ ನೇರ ಆಸ್ಪತ್ರೆಗೆ ಓಡಿದೆವು. ನೆಬ್ಯುಲೈಸರ್ ಹಾಕಿದರು. ಹೊಗೆಯಂಥ ಮಂಜು ಮಾಸ್ಕಿನೊಳಗೆ ತುಂಬಿತು. ನರ್ಸಿನ ಟೇಬಲ್ಲಿನ ಕೆಳಗೆ ಬುಟ್ಟಿಯಲ್ಲಿ ಕೋತ್ವಾಲ ಕುಂಯ್‌ಗುಟ್ಟುತ್ತಿದ್ದ. ಮಕ್ಕಳ ಡಾಕ್ಟರ್ ಮೇಡಂ ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇದನ್ನ ಮೊದಲ ಹೊರಗ ಇಡ್ರಿ," ಅಂದರು.

ಮುಂದೆ, ಯಾವುದು ಮೈಗೆ ಆಗುವುದಿಲ್ಲ ಎಂದು ತಿಳಿಯಲು ಸ್ಕಿನ್ ಪ್ರಿಕ್ ಟೆಸ್ಟ್ ಆಯಿತು. ಕೈಯ ಮೇಲೆ ಒಂದೊಂದು ವಸ್ತುವಿನ ಹನಿ ಸಾಲಾಗಿ ಇಟ್ಟು ಚುಚ್ಚಿದರು. ಕುರಿಯ ಉಣ್ಣೆಯ ಜಾಗ ತಣ್ಣಗೆ ಇತ್ತು, ನಾಯಿಯ ಜಾಗ ಸೊಳ್ಳೆ ಕಚ್ಚಿದ ಹಾಗೆ ಎದ್ದು ಕೂತಿತು. ಅಸ್ತಮಾ, ಜೊತೆಗೆ ನಾಯಿಯ ಅಲರ್ಜಿ. ಇಷ್ಟು ದಿನ ಹಳ್ಳಿಗೆ ಹೋದಾಗ ಏನೂ ಆಗಿರಲಿಲ್ಲವಲ್ಲ ಎಂದು ವಾದ ಮಾಡಿದೆ. "ದೂರಿಂದ ನೋಡೋದು ಬ್ಯಾರಿ, ತೊಡಿ ಮ್ಯಾಲ ಕೂಡಿಸ್ಕೊಂಡು ಬಸ್ಸಿನಾಗ ಬರೋದು ಬ್ಯಾರಿ," ಅಂದರು ಮೇಡಂ. ದಿನಾ ಎಳೆಯಲು ಒಂದು ಇನ್ಹೇಲರ್, ಉಸಿರು ಕಟ್ಟಿದಾಗ ಎಳೆಯಲು ನೀಲಿ ಬಣ್ಣದ ಇನ್ನೊಂದು. ಶಿವರಾಜ ಮರುದಿನವೇ ಕೋತ್ವಾಲನನ್ನು ಹಳ್ಳಿಗೆ ಬಿಟ್ಟು ಬಂದ. ರೇಣು ಊಟ ಬಿಟ್ಟಳು.

ಕಾಯಿಲೆಯನ್ನಾದರೂ ತಡೆದುಕೊಳ್ಳಬಹುದು, ಜನರ ಸಲಹೆಯನ್ನಲ್ಲ. ಟಿಕೆಟ್ ಕೊಡುತ್ತ ಒಬ್ಬರಿಗೆ ಹೇಳಿದ್ದೇ ತಪ್ಪಾಯಿತು, ಇಡೀ ಬಸ್ಸೇ ಡಾಕ್ಟರಾಯಿತು. ಒಬ್ಬರು ಕತ್ತೆ ಹಾಲು ಅಂದರು. ಒಬ್ಬರು ತಾಯಿತ ಅಂದರು. ಪಕ್ಕದ ಮನೆಯಾಕೆ ಇನ್ಹೇಲರ್ ನೋಡಿದವಳೇ ಮೂಗು ಮುರಿದಳು.

"ಪಂಪ್ ಹಚ್ಚಬ್ಯಾಡ್ರಿ ಸುನಂದಕ್ಕಾ, ಚಟಾ ಬೀಳ್ತದ. ನಾಳಿ ಲಗ್ನಕ್ಕ ತೊಂದ್ರಿ."

"ನಿಮಗ ಚಹಾದ ಚಟಾ ಇಲ್ಲೇನ್ರಿ? ನಿಮ್ಮ ಲಗ್ನ ಆಗಿಲ್ಲೇನು?" ಅಂದೆ. ಎರಡು ವಾರ ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಳು. ಆ ಎರಡು ವಾರ ಆರಾಮಾಗಿದ್ದೆ.

ಅಲರ್ಜಿಯೇ ಆಗದ ಜಾತಿಯ ನಾಯಿ ಇರುತ್ತದೆ, ಭಾಲ್ಕಿಯಲ್ಲಿ ಒಬ್ಬ ಮಾರುತ್ತಾನೆ ಎಂದವರೂ ಬಸ್ಸಿನವರೇ. ರೇಣುವಿನ ಮುಖ ನೋಡಲಾರದೆ ಹೋದೆವು. ಬಿಳಿಯ ಗುಂಗುರು ಕೂದಲಿನ ನಾಯಿ, ನೋಡಲು ಬೊಂಬೆಯಂತಿತ್ತು.

"ಇದರ ಕೂದಲಾ ಉದರಂಗೇ ಇಲ್ರಿ ಮೇಡಂ. ಅಲರ್ಜಿ-ಗಿಲರ್ಜಿ ಏನೂ ಆಗಂಗಿಲ್ಲ. ಗ್ಯಾರಂಟಿ," ಅಂದ ಮಾರುವವನು.

ರೇಣು ಅದರ ಪಕ್ಕ ಕೂತಳು. ಅದು ಅವಳ ಗಲ್ಲ ನೆಕ್ಕಿತು. ನಾವು ಚಹಾ ಕುಡಿದು ಕಪ್ಪು ಕೆಳಗಿಡುವುದರೊಳಗೆ ಗಲ್ಲದ ಮೇಲೆ ದದ್ದು ಎದ್ದಿತು, ಕಣ್ಣು ಉಜ್ಜಲು ಶುರು ಮಾಡಿದಳು. ಅವನು ಸ್ವಲ್ಪವೂ ಅಳುಕಲಿಲ್ಲ.

"ನಾಯಿದಾಗ ಏನೂ ಖರಾಬಿ ಇಲ್ರಿ. ನಿಮ್ಮ ಹುಡುಗಿ ಮೈಯಾಗ ಅದ."

"ಹಂಗಂದ್ರ ಹುಡುಗಿನ್ನ ಬದಲಿ ಮಾಡ್ಕೊಂಡು ಬರ್ಲೇನು?" ಎಂದು ಎದ್ದುಬಿಟ್ಟೆ. ಶಿವರಾಜ ಕೈ ಹಿಡಿದು ಎಳೆದುಕೊಂಡು ಬಂದ, ಇಲ್ಲದಿದ್ದರೆ ಆ ದಿನ ಅಲ್ಲೇ ದೊಡ್ಡ ಜಗಳವಾಗುತ್ತಿತ್ತು.

ಈ ಕತೆಯನ್ನು ಅವನು ಫೋನಿನಲ್ಲಿ ಅಪ್ಪನಿಗೆ ಹೇಳಿದ. ಮಾವ ಬೇರೆಲ್ಲ ಬಿಟ್ಟು ಒಂದೇ ಮಾತು ಹಿಡಿದುಕೊಂಡರು: ಕೂದಲು. ಜನ್ಮವೆಲ್ಲ ಕುರಿಯ ಉಣ್ಣೆ ಕತ್ತರಿಸಿದ ಕೈ. ತೊಂದರೆ ಕೂದಲಿನದಾದರೆ ಅದಕ್ಕೆ ಭಾಲ್ಕಿಗೆ ಯಾಕೆ ಹೋಗಬೇಕು? ಮುಂದಿನ ಭಾನುವಾರ ಬನ್ನಿ ಅಂದರು. ಹೋದೆವು.

ಕೋತ್ವಾಲ ಬೋಳಾಗಿ ನಿಂತಿದ್ದ. ಕುರಿಯ ಕತ್ತರಿಯಲ್ಲಿ ಕತ್ತರಿಸಿ ಮೈತುಂಬ ಪಟ್ಟೆ ಪಟ್ಟೆ. ಬಾಲದ ತುದಿಗೆ ಮಾತ್ರ ಒಂದು ಕುಚ್ಚು ಉಳಿದಿತ್ತು. ನಾಚಿಕೊಂಡವನ ಹಾಗೆ ಕಲ್ಲಿನ ಗೋಡೆಯ ಮರೆಗೆ ಸರಿಯುತ್ತಿದ್ದ. ರೇಣು ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ. ಅಷ್ಟು ದಿನಗಳ ಮೇಲೆ ಮನೆಯವರೆಲ್ಲ ಒಟ್ಟಿಗೆ ನಕ್ಕಿದ್ದೆವು. ಅವಳು ಓಡಿಹೋಗಿ ಅವನನ್ನು ತಬ್ಬಿಕೊಂಡಳು.

ಮೊದಲಿಗಿಂತ ಜೋರಾಗಿ ಉಸಿರು ಹಿಡಿಯಿತು.

ಔರಾದಿನ ಆಸ್ಪತ್ರೆಯಲ್ಲಿ ಮತ್ತೆ ಮಾಸ್ಕು, ಮತ್ತೆ ಮಂಜು. ಮಾವ ಹೊರಗೆ ಕಂಬಳಿ ಹೊದ್ದು ತಲೆ ಕೆಳಗೆ ಹಾಕಿ ಕೂತಿದ್ದರು. "ನಾ ಮಾಡಿದ್ದು ತಪ್ಪಾತೇನವ್ವಾ?" ಎಂದು ಕೇಳಿದರು. ಸಿಟ್ಟು ನನಗೆ ನೆತ್ತಿಗೇರಿತ್ತು. ಆದರೆ ಆ ಮುಖ ನೋಡಿ ಬೈಯುವುದಾದರೂ ಹೇಗೆ? ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಕೈಲಾಗದವರು ಮೈ ಪರಚಿಕೊಂಡರು ಅನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಸ್ಥಿತಿ.

ಬೀದರಿಗೆ ಬಂದ ಮೇಲೆ ಡಾಕ್ಟರ್ ಮೇಡಂ ನಮ್ಮನ್ನು ಕೂಡಿಸಿಕೊಂಡು ಹೇಳಿದರು. "ಗುನ್ಹಾ ಕೂದಲಿಂದಲ್ರಿ. ನಾಯಿ ಜೊಲ್ಲು, ಚರ್ಮದ ಹೊಟ್ಟು, ಅದರಿಂದ ಆಗ್ತದ. ಕೂದಲಾ ತೆಗದ್ರ ಚರ್ಮ ಇನ್ನಾ ಸಮೀಪ ಬಂತು ನೋಡ್ರಿ. ಅಲರ್ಜಿ ಆಗಲಾರದ ನಾಯಿ ಅಂಬೋದು ಯಾವ ಜಾತ್ಯಾಗೂ ಇಲ್ಲ. ಒಂದು ನಾಯಿ ಜರಾ ಕಮ್ಮಿ ಕಾಡ್ತದ, ಒಂದು ಜಾಸ್ತಿ, ಅಷ್ಟೇ. ನನ್ನ ಕೇಳಿದ್ರ ನಾಯಿನೇ ಬ್ಯಾಡ."

ರೇಣುವಿನ ಕಣ್ಣಿಂದ ದಳದಳ ನೀರು ಇಳಿಯಿತು. ಅದನ್ನು ನೋಡಿ ಮೇಡಂ ಕೆಲವು ಕರಾರು ಹಾಕಿದರು. ದಿನದ ಔಷಧ ಒಂದು ಸಲವೂ ತಪ್ಪಬಾರದು. ಉಸಿರು ಕೆಲವು ತಿಂಗಳು ಹತೋಟಿಯಲ್ಲಿದ್ದರೆ, ನಾಯಿಗೆ ಸ್ನಾನ ಮಾಡಿಸಿ, ಬಯಲಲ್ಲಿ, ಸ್ವಲ್ಪ ಹೊತ್ತು, ಅದೂ ದೊಡ್ಡವರ ಕಣ್ಣೆದುರು ಬಿಟ್ಟು ನೋಡಬಹುದು. ಹಲವು ಸಲ ನೋಡಿ ಏನೂ ಆಗದಿದ್ದರೆ ಆಮೇಲೆ ಮನೆಯ ಮಾತು. ಕೆಮ್ಮು ಬಂದರೂ ಅಲ್ಲಿಗೆ ಮುಗಿಯಿತು.

ರೇಣು ತಲೆಯಾಡಿಸಿದಳು. ಒಂದು ದಿನವೂ ಇನ್ಹೇಲರ್ ತಪ್ಪಿಸಲಿಲ್ಲ. ಹಾಲಿಗೆ ಮುಖ ತಿರುಗಿಸುವ ಹುಡುಗಿ, ಮಂಪರುಗಣ್ಣಿನಲ್ಲೇ ಎದ್ದು ತಾನಾಗಿ ಕೇಳಿ ಎಳೆದುಕೊಳ್ಳುತ್ತಿದ್ದಳು. ಎದೆ ತಿಳಿಯಾಯಿತು. ಆಮೇಲೆ ಸಾಲೆಗೆ ರಜೆಯಿದ್ದ ದಿನಗಳಲ್ಲಿ ಅವಳನ್ನು ನನ್ನ ಬೆಳಗಿನ ಟ್ರಿಪ್ಪಿನಲ್ಲಿ ಹಳ್ಳಿಯ ಸ್ಟಾಪಿನಲ್ಲಿ ಇಳಿಸಿ ಮಾವನ ಕೈಗೆ ಒಪ್ಪಿಸುವುದು, ಮಧ್ಯಾಹ್ನದ ಟ್ರಿಪ್ಪಿನಲ್ಲಿ ಹತ್ತಿಸಿಕೊಳ್ಳುವುದು ಶುರುವಾಯಿತು. ಮಾವ ಪ್ರತಿ ಸಲವೂ "ಒಂದು ಕೆಮ್ಮಿಲ್ಲ ನೋಡವ್ವಾ" ಎಂದು ಖುಷಿಯಿಂದ ವರದಿ ಕೊಡುತ್ತಿದ್ದರು. ಶಿವರಾಜ ಸರಪಳಿ ತಂದ. ನಾನು ಹಿತ್ತಲ ಬಾಗಿಲಲ್ಲಿ ಗೋಣಿತಟ್ಟು ಹಾಸಿ ಕೋತ್ವಾಲನಿಗೆ ಜಾಗ ಮಾಡಿದೆ.

ವಾಪಸ್ ಬರುವಾಗ ಸ್ಟಾಪಿನ ಹೆಸರು ಕೂಗುವುದು ರೇಣುವಿನ ಡ್ಯೂಟಿ. ಮುಂದಿನ ಸೀಟಿನಲ್ಲಿ ಕೂತು "ಸಂತಪುರ! ಸಂತಪುರ ಇಳಿಯೋರು ಯಾರು?" ಎಂದು ನನ್ನದೇ ಧಾಟಿಯಲ್ಲಿ ಕೂಗುತ್ತಾಳೆ. ದಿನದ ಪ್ರಯಾಣಿಕರಿಗೆ ಅದೊಂದು ಮಜಾ.

ಆ ದಿನ ಸಂತಪುರ ಬಂತು. ಅವಳು ಕೂಗಲಿಲ್ಲ.

ನಾಯಿಯನ್ನು ಬಿಟ್ಟು ಬಂದ ಬೇಸರ ಎಂದುಕೊಂಡೆ. ಬಸ್ಸು ತುಂಬಿತ್ತು, ನಾನು ಹಿಂದೆ ಟಿಕೆಟ್ ಕೊಡುತ್ತಿದ್ದೆ. ಕೌಠಾ ಬಂತು. ಆಗಲೂ ಇಲ್ಲ. ಜನರನ್ನು ಸರಿಸಿಕೊಂಡು ಮುಂದೆ ಹೋದೆ.

"ಯಾಕ ಗೌಡತಿ, ಇವತ್ತು ಡ್ಯೂಟಿ ಇಲ್ಲೇನು?"

ಅವಳು ಎರಡೂ ಕೈ ಸೀಟಿಗೆ ಊರಿ ಕೂತಿದ್ದಳು. ಭುಜಗಳು ಕಿವಿಯ ತನಕ ಏರುತ್ತಿದ್ದವು. ತುಟಿಯ ಬಣ್ಣ ಸರಿಯಿರಲಿಲ್ಲ. ಎದೆಯಲ್ಲಿ ಸೀಟಿಯೂ ಇರಲಿಲ್ಲ, ಸೀಟಿಯಾಗುವಷ್ಟು ಗಾಳಿಯೇ ಒಳಗೆ ಹೋಗುತ್ತಿರಲಿಲ್ಲ.

"ಏನೂ..." ಅಂದಳು. ಉಸಿರು ಎಳೆದಳು. "ಆಗಿಲ್ಲ."

ಎರಡು ಪದ ಒಂದು ಉಸಿರಿಗೆ ಬರಲಿಲ್ಲ.

ನೀಲಿ ಇನ್ಹೇಲರ್ ಅವಳ ಜೇಬಿನಲ್ಲೇ ಇತ್ತು. ಎಳೆಸಿದೆ. ಮತ್ತೆ ಎಳೆಸಿದೆ. ಡ್ರೈವರಿಗೆ ಏನು ಹೇಳಿದೆನೋ ನೆನಪಿಲ್ಲ, ಬಸ್ಸು ಎಲ್ಲಿಯೂ ನಿಲ್ಲದೆ ಹೊರಟಿತು. ಜನವಾಡಾದಲ್ಲಿ ಇಳಿಯಬೇಕಾದವರು ಬಾಗಿಲಲ್ಲಿ ನಿಂತಿದ್ದರು. "ನಡೀರಿ ನಡೀರಿ, ನಾವು ಬೀದರಿನಿಂದ ವಾಪಸ್ ಬರ್ತೇವಿ" ಎಂದು ಅವರೇ ಒದರಿದರು. ಕತ್ತೆ ಹಾಲು ಹೇಳಿದ ಅಜ್ಜಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಇವರನ್ನೇ ನಾನು ಅಷ್ಟು ದಿನ ಶಪಿಸಿದ್ದು.

ಆಕ್ಸಿಜನ್. ಸಲೈನ್. ಇಂಜೆಕ್ಷನ್. ಬೆಳಗಾಗುವ ಹೊತ್ತಿಗೆ ಅವಳು ಪೂರ್ತಿ ವಾಕ್ಯ ಮಾತಾಡಿದಳು, ಆ ಮಾತೇ ನನ್ನನ್ನು ಹಿಂಡಿಬಿಟ್ಟಿತು. ಪ್ರತಿ ಸಲವೂ ಎದೆ ಬಿಗಿಯುತ್ತಿತ್ತಂತೆ. ಮುತ್ಯಾ, ಅಂದರೆ ನನ್ನ ಮಾವ, ಕುರಿ ನೋಡಲು ತಿರುಗಿದಾಗ ಬಣವೆಯ ಹಿಂದೆ ಹೋಗಿ ನೀಲಿ ಪಂಪ್ ಎಳೆದು, ಕೆಮ್ಮು ನುಂಗಿ ಬರುತ್ತಿದ್ದಳಂತೆ.

"ಯಾಕ ಹೇಳಲಿಲ್ಲ?"

"ಕೆಮ್ಮಿದ್ರ ಕೋತ್ವಾಲ ಬರಲ್ಲ ಅಂದಿದ್ರಲ್ಲಾ."

ಹೊಡೆಯಲು ಕೈ ಎದ್ದಿತು. ಅದೇ ಕೈಯಿಂದ ಅವಳ ತಲೆ ಸವರಿದೆ. ಯಾರ ಮೇಲೆ ಸಿಟ್ಟು ಮಾಡಲಿ? ನಾವೆಲ್ಲ ಸೇರಿ ಅವಳಿಗೊಂದು ಪರೀಕ್ಷೆ ಇಟ್ಟಿದ್ದೆವು, ಪಾಸಾದರೆ ನಾಯಿ ಎಂದಿದ್ದೆವು. ಎಂಟು ವರ್ಷದ ಮಗು ಪಾಸಾಗಲು ಏನು ಮಾಡಬೇಕೋ ಅದನ್ನೇ ಮಾಡಿತು.

ಮಾವ ಬಂದರು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರ ಹೆಗಲ ಮೇಲೆ ಕಂಬಳಿ ಇಲ್ಲದ್ದನ್ನು ನೋಡಿಲ್ಲ. ಅಂದು ಇರಲಿಲ್ಲ. ಹೊಸ ಅಂಗಿ, ಒದ್ದೆ ತಲೆ. ವಾರ್ಡಿನ ಬಾಗಿಲಲ್ಲೇ ನಿಂತರು.

"ಒಳಗ ಬರ್ಲೇನವ್ವಾ? ಮೈ ತೊಳಕೊಂಡು ಬಂದೀನಿ. ನಾಯಿ ಮುಟ್ಟಿಲ್ಲ."

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ರೇಣು ಮುತ್ಯಾನ ಬೆರಳು ಹಿಡಿದು ಮೊದಲು ಕೇಳಿದ್ದು, "ಕೋತ್ವಾಲನ್ನ ಯಾರಿಗಾರ ಕೊಟ್ಟುಬಿಡ್ತೀರೇನು?" ಎಂದು. ಅವಳ ಭಯ ಅದಾಗಿತ್ತು. ಮನೆಗೆ ಬಾರದಿದ್ದರೆ ಅವನು ಅವಳವನಾಗಿ ಉಳಿಯುವುದಿಲ್ಲ ಎಂದುಕೊಂಡಿದ್ದಳು. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ.

"ಹುಚ್ಚಿ, ಅಂವ ನಿಂದೇ," ಅಂದರು ಮಾವ. "ನನ್ನ ಹತ್ರ ಡ್ಯೂಟಿ ಮ್ಯಾಲ ಅದಾನ. ನಿಮ್ಮವ್ವ ಬಸ್ಸಿನಾಗ ಇದ್ದಂಗ. ನಿಮ್ಮವ್ವ ಡ್ಯೂಟಿ ಮ್ಯಾಲಿದ್ರ ನಿಮ್ಮವ್ವ ಅಲ್ಲೇನು?"

ರೇಣು ಮುತ್ಯಾನ ಒದ್ದೆ ತಲೆ ಮುಟ್ಟಿ ನೋಡಿದಳು. ಆಮೇಲೆ, "ಹಂಗಾದ್ರ ಅಲ್ಲೇ ಇರ್ಲಿ. ಇನ್ನ ಕೆಮ್ಮು ಬಂದ್ರ ಹೇಳ್ತೇನಿ," ಅಂದಳು.

ನಾಯಿಯನ್ನು ಮನೆಗೆ ತರುವ ನಮ್ಮ ಪ್ರಯತ್ನ ಅಲ್ಲಿಗೆ ಮುಗಿಯಿತು. ಗೋಣಿತಟ್ಟು ಎತ್ತಿಟ್ಟೆ. ಸರಪಳಿಯನ್ನು ಸೈಕಲ್ಲಿಗೆ ಬೀಗ ಹಾಕಲು ಶಿವರಾಜ ಬಳಸುತ್ತಾನೆ. ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ದಿನಕ್ಕೆರಡು ಸಲ ಇನ್ಹೇಲರ್, ಧೂಳೆದ್ದ ದಿನ ಎದೆಬಡಿತ, "ಇನ್ನಾ ಪಂಪ್ ಬಿಟ್ಟಿಲ್ಲೇನ್ರಿ" ಅನ್ನುವ ಪಕ್ಕದ ಮನೆಯಾಕೆ, ಎಲ್ಲ ಹಾಗೇ ಇದೆ. ದೊಡ್ಡವಳಾದ ಮೇಲೆ ಕಮ್ಮಿಯಾಗಬಹುದು, ಆಗದೆಯೂ ಇರಬಹುದು ಅನ್ನುತ್ತಾರೆ ಮೇಡಂ. ಇಂಥ ಉತ್ತರಕ್ಕೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ಸುಳ್ಳು ಗ್ಯಾರಂಟಿಗಿಂತ ವಾಸಿ.

ಕಳೆದ ವಾರ ಸಾಲೆಗೆ ರಜೆಯಿತ್ತು. ರೇಣು ನನ್ನ ಜೊತೆ ಔರಾದಿನ ತನಕ ಬಂದು ಅದೇ ಬಸ್ಸಿನಲ್ಲಿ ವಾಪಸಾಗುತ್ತಿದ್ದಳು. ಹಳ್ಳಿಯ ಸ್ಟಾಪಿನ ಹತ್ತಿರ ಮಾವನ ಕುರಿಗಳು ರಸ್ತೆಯಾಚೆ ಮೇಯುತ್ತಿದ್ದವು. ಡ್ರೈವರ್ ತಾನಾಗಿ ನಿಧಾನ ಮಾಡಿದ. ಮೈತುಂಬ ಕೂದಲು ಬಂದು ಕರಡಿಯಂತಾಗಿದ್ದ ಕೋತ್ವಾಲ ಕಿವಿ ನೆಟ್ಟಗೆ ಮಾಡಿದ. ಅವಳು ಕಿಟಕಿಯಿಂದ ಅವನ ಹೆಸರು ಹಿಡಿದು ಕೂಗಿದಳು. ಅವನು ಹೊಲದ ಬದುವಿನ ಮೇಲೆ ಬಸ್ಸಿನ ಜೊತೆ ಓಡಿ, ಹೊಲದ ಗಡಿ ಬಂದಲ್ಲಿ ನಿಂತು, ಕುರಿಗಳ ಕಡೆ ತಿರುಗಿ ಹೋದ.

ಸಂತಪುರ ಬಂತು.

"ಸಂತಪುರ! ಸಂತಪುರ ಇಳಿಯೋರು ಯಾರು? ಲಗೂ ಲಗೂ ಇಳೀರಿ, ಮುಂದಿನವ್ರಿಗಿ ದಾರಿ ಬಿಡ್ರಿ!"

ಇಷ್ಟನ್ನೂ ಒಂದೇ ಉಸಿರಿಗೆ.

"ಏನ್ ಒದರ್ತಾಳ್ರಿ ನಿಮ್ಮ ಮಗಳು, ಕಿವಿ ಹೋದ್ವು," ಅಂದರು ಹಿಂದಿನ ಸೀಟಿನವರು.

"ಒದರ್ಲಿ ಬಿಡ್ರಿ," ಎಂದು ನಾನು ಎರಡು ಸೀಟಿ ಊದಿದೆ.