ಮುನಿಯಪ್ಪ ಮೇಸ್ತ್ರಿಯ ಚಕ್ಕೆ

ಮುನಿಯಪ್ಪ ಮೇಸ್ತ್ರಿಯ ಎಡಗೈ ತೋರುಬೆರಳು ಅರ್ಧವೇ ಇತ್ತು. ಆ ಅರ್ಧ ಬೆರಳನ್ನು ಎತ್ತಿಯೇ ಆತ ನಮಗೆಲ್ಲ ಬುದ್ಧಿ ಹೇಳುತ್ತಿದ್ದ. "ಮಿಷಿನ್ನಿಗೆ ಒಂದ್ಸಲ ರುಚಿ ತೋರಿಸ್ಬೇಕು ಕಣಮ್ಮ. ಆಮ್ಯಾಕೆ ನಮ್ಮ ಮಾತು ಕೇಳ್ತದೆ." ಬೆರಳು ಕಳೆದುಕೊಂಡವನಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ? ಈತ ಮಾತ್ರ ಯುದ್ಧ ಗೆದ್ದು ಬಂದವನ ಹಾಗೆ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ.

ತೊಂಬತ್ತರ ದಶಕದಲ್ಲಿ ಸಿಂಗಸಂದ್ರದ ಒಂದು ಶೆಡ್ಡಿನಲ್ಲಿ ನಾವು ಸುತ್ತಲಿನ ಫ್ಯಾಕ್ಟರಿಗಳಿಗೆ ಮರದ ಪ್ಯಾಕಿಂಗ್ ಪೆಟ್ಟಿಗೆ ಮಾಡುತ್ತಿದ್ದೆವು. ಮೇಸ್ತ್ರಿ ಗರಗಸದ ಮಶೀನಿಗೆ ಹಲಗೆ ತಳ್ಳುತ್ತಿದ್ದ. ನಾನು ಸೆರಗು ಸೊಂಟಕ್ಕೆ ಬಿಗಿದು, ಎದುರು ನಿಂತು, ಕುಯ್ದ ಹಲಗೆಯನ್ನು ಎಳೆದುಕೊಳ್ಳುತ್ತಿದ್ದೆ. ಅವನ ಕೈಗೂ ನನ್ನ ಕೈಗೂ ನಡುವೆ ಊಟದ ತಟ್ಟೆಯಷ್ಟಗಲದ ಬ್ಲೇಡು. ಅದರ ಮೇಲೆ ಮುಚ್ಚಬೇಕಾದ ಗಾರ್ಡು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಆಯುಧಪೂಜೆಯ ದಿನ ಮಾತ್ರ ಅದನ್ನು ಇಳಿಸಿ, ಒರೆಸಿ, ಬ್ಲೇಡಿಗೆ ತೊಡಿಸಿ, ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕುತ್ತಿದ್ದ. ಮಶೀನು ನಿಂತಿರುವ ಒಂದೇ ಒಂದು ದಿನ ನಮ್ಮ ಬೆರಳುಗಳಿಗೆ ರಕ್ಷಣೆ! ಮಾರನೇ ದಿನ ಅದು ಮತ್ತೆ ಗೋಡೆಗೆ.

"ದಿನಾ ಹಾಕಿದ್ರೆ ಏನಾಗುತ್ತೆ ಮೇಸ್ತ್ರಿ?" ಎಂದು ಕೇಳಿದೆ.

"ಟೋಪಿ ಆಕ್ಕೊಂಡು ಯಾರಾದ್ರೂ ಸ್ನಾನ ಮಾಡ್ತಾರೇನಮ್ಮ? ಅದಿದ್ರೆ ಕುಯ್ಯೋ ಗೆರೆ ಕಾಣಾಕಿಲ್ಲ."

ಸಣ್ಣ ತುಂಡುಗಳನ್ನು ತಳ್ಳುವುದಕ್ಕೆಂದು ಅವನಿಗೊಂದು ಕೋಲು ಮಾಡಿಕೊಟ್ಟೆ. ಅದರಲ್ಲಿ ನಾಯಿ ಓಡಿಸಿದ.

ಇವೆಲ್ಲಕ್ಕಿಂತ ದೊಡ್ಡ ಬುದ್ಧಿವಂತಿಕೆ ಸ್ಟಾರ್ಟರಿನದು. ಕರೆಂಟ್ ಹೋದರೆ ಸ್ಟಾರ್ಟರು ತಾನಾಗಿ ಆಫ್ ಆಗುತ್ತದೆ. ಕರೆಂಟ್ ಬಂದ ಮೇಲೆ ಯಾರಾದರೂ ಹಸಿರು ಗುಂಡಿ ಒತ್ತಿದರೆ ಮಾತ್ರ ಮಶೀನು ತಿರುಗುತ್ತದೆ. ಯಾರೋ ಪುಣ್ಯಾತ್ಮ ನಮ್ಮಂಥವರ ಕೈ ನೆನೆದು ಮಾಡಿದ್ದು. ನಮ್ಮ ಮೇಸ್ತ್ರಿ ಅತ್ತಿಬೆಲೆ ಕಡೆಯ ರೈತರ ಮನೆಯವನು. ತೋಟದ ಪಂಪ್‌ಸೆಟ್ಟಿಗೆ ಮಾಡುವ ಹಾಗೆ ಇಲ್ಲಿಯೂ ಗುಂಡಿಯನ್ನು ಒತ್ತಿ ಹಿಡಿದು, ಸಂದಿಗೆ ಒಂದು ಮರದ ಚಕ್ಕೆ ಸಿಗಿಸಿಬಿಟ್ಟಿದ್ದ. ಕರೆಂಟ್ ಬಂದ ಕೂಡಲೇ ಮಶೀನು ತಾನೇ ಓಡತೊಡಗುತ್ತಿತ್ತು. ಎದುರಿನ ಟೀ ಅಂಗಡಿಯಲ್ಲಿ ಕೂತವರಿಗೆ ಆ ಸದ್ದೇ ಕರೆಗಂಟೆ. "ಇಲ್ದಿದ್ರೆ ಕರೆಂಟ್ ಬಂತು ಅಂತ ಯಾರು ಬಂದು ಏಳ್ತಾರೆ?" ಅನ್ನುತ್ತಿದ್ದ. ಎಂಥ ತಲೆ! ಬದನೆಗಿಡಕ್ಕೆ ನೀರು ಹಾಯಿಸುವುದೂ ಹಲಗೆ ಕುಯ್ಯುವುದೂ ಈ ಮಹಾನುಭಾವನಿಗೆ ಒಂದೇ. ಕೆಲಸ ಬೇಗ ಮುಗಿದರೆ ಸಾಕೆಂದು ಮಾಲೀಕರೂ ಸುಮ್ಮನಿದ್ದರು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಬ್ಲೇಡಿನ ಪಕ್ಕದ ಸಂದಿಯಲ್ಲಿ ಮರದ ಸೀಳೊಂದು ಸಿಕ್ಕಿಕೊಂಡಿತ್ತು.

"ಜಯಮ್ಮ, ಕೈ ಆಕಿ ತೆಗಿ," ಎಂದ.

"ಮೊದ್ಲು ಚಕ್ಕೆ ತೆಗೀರಿ ಮೇಸ್ತ್ರಿ."

"ಈಗ ಓಗಿರೋ ಕರೆಂಟು ನಾಕು ಗಂಟೆಗೇ ಬರೋದು. ನಂಗೊತ್ತಿಲ್ವಾ?"

"ಎರಡು ಮಕ್ಳಿಗೆ ಅನ್ನ ಕಲಸೋ ಕೈ ಇದು. ನಿಮ್ಮ ಮಿಷಿನ್ನಿಗೆ ರುಚಿ ತೋರ್ಸೋಕೆ ಇಟ್ಕೊಂಡಿಲ್ಲ."

ನಾನೇ ಹೋಗಿ ಚಕ್ಕೆ ಕಿತ್ತೆ. ಉಳಿದವರು ಕಿಸಕ್ಕನೆ ನಕ್ಕರು. ಅಷ್ಟು ಸಾಕಾಯಿತು. "ಎಂಗಸ್ರ ಪುಕ್ಕಲು!" ಎಂದು ನನ್ನ ಕೈಯಿಂದ ಚಕ್ಕೆ ಕಸಿದುಕೊಂಡು, ಗುಂಡಿ ಒತ್ತಿ, ಮತ್ತೆ ಅಲ್ಲೇ ಸಿಗಿಸಿದ. ಬೇಕೆಂದೇ. ನನ್ನ ಮುಖವನ್ನೇ ನೋಡುತ್ತ ಬಲಗೈಯನ್ನು ಸಂದಿಗೆ ಹಾಕಿದ.

"ಚಕ್ಕೆ ತೆಗೀರಿ ಮೊದ್ಲು!" ಎಂದು ಕಿರುಚಿದೆ.

ಕರೆಂಟ್ ಬಂತು.

ನಾಲ್ಕು ಬೆರಳು ಹೋದವು. ನನ್ನ ಸೆರಗು ಹರಿದು ಸುತ್ತಿದೆ. ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಕೂಡ ಆಸಾಮಿ ಬಯ್ಯುತ್ತಿದ್ದದ್ದು ಕರೆಂಟಿನವರನ್ನು: "ಒತ್ತು ಗೊತ್ತು ಒಂದೂ ಇಲ್ಲ ನನ್ಮಕ್ಳಿಗೆ!" ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಹೇಳಿದರೂ ಕೇಳದ ಮೂರ್ಖನಿಗಾಗಿ ಯಾಕೆ ಅಳಬೇಕು? ಮಾರನೇ ದಿನ ಗಾರ್ಡು ಗೋಡೆಯಿಂದ ಇಳಿದು ಬ್ಲೇಡಿನ ಮೇಲೆ ಕೂತಿತು. ಹಾರ ಹಾಕಲಿಲ್ಲ.

ಅವನು ಈಗಿಲ್ಲ. ಕೊನೆಯ ಸಲ ನೋಡಿದ್ದು ಅವನ ಊರಿನಲ್ಲಿ, ಆ ಕಡೆ ಒಂದು ಮದುವೆಗೆ ಹೋಗಿದ್ದಾಗ. ಪಂಪ್‌ಹೌಸಿನ ಮುಂದೆ ಕಟ್ಟೆಯ ಮೇಲೆ ಕೂತು, ಬಲಗೈಯನ್ನು ಟವೆಲ್ಲಿನಡಿ ಮುಚ್ಚಿಕೊಂಡು, ಎಡಗೈಯಲ್ಲಿ ಕಾಫಿ ಕುಡಿಯುತ್ತಿದ್ದ. ಬಾಯಿ ಮಾತ್ರ ಹಾಗೇ ಇತ್ತು. "ಮಿಷಿನ್ನಿನ ತಪ್ಪಲ್ಲ ಕಣಮ್ಮ, ಕರೆಂಟಿಂದು," ಎಂದ. ಥೂ, ಇವನ ಜನ್ಮಕ್ಕಿಷ್ಟು ಎಂದುಕೊಂಡು ಏಳಹೊರಟೆ.

ಆಗಲೂ ಕರೆಂಟ್ ಇರಲಿಲ್ಲ. ಅವನ ಹೆಂಡತಿ ಪಂಪಿನ ಬೆಲ್ಟಿಗೆ ಸಿಕ್ಕಿದ್ದ ಹುಲ್ಲು ತೆಗೆಯಲು ಬಗ್ಗಿ ಕೈ ಚಾಚಿದಳು. ಮೇಸ್ತ್ರಿಯ ಲೋಟ ನೆಲಕ್ಕೆ ಬಿತ್ತು.

"ಏಯ್! ಚಕ್ಕೆ ತೆಗಿಯೇ ಮೊದ್ಲು!"

ತಾನೇ ಓಡಿಹೋಗಿ ಸ್ಟಾರ್ಟರಿನ ಚಕ್ಕೆಗೆ ಎಡಗೈ ಹಾಕಿದ. ಅರ್ಧ ಬೆರಳಿಗೆ ಅದು ಹಿಡಿತಕ್ಕೇ ಸಿಗಲಿಲ್ಲ. "ಜಯಮ್ಮ, ನೀನೇ ತೆಗಿಯವ್ವ," ಎಂದ. ಅವನು ನನ್ನನ್ನು ಏನನ್ನಾದರೂ ಬೇಡಿದ್ದು ಅದೊಂದೇ ಸಲ.

ಕಿತ್ತು ಅವನ ಮುಂದೆ ಹಿಡಿದೆ. ಈಸಿಕೊಳ್ಳಲು ಅಭ್ಯಾಸಬಲದಿಂದ ಬಲಗೈ ಚಾಚಿದ. ಆಮೇಲೆ ನೆನಪಾಗಿ ಹಿಂದಕ್ಕೆಳೆದುಕೊಂಡ. ಹಾಳಾದವನು, ಅವತ್ತು ನನ್ನನ್ನು ಅಳಿಸಿಯೇಬಿಟ್ಟ.