ನಿಂತರೆ ಆಫ್ ಆಗುತ್ತಿದ್ದ ಗಾಡಿ

ಕಳೆದ ವಾರ ನನ್ನ ತಮ್ಮ ತೋಟದ ಹುಲ್ಲು ಹೊಡೆಯುವ ಮೆಷಿನ್ನಿನ ಕಾರ್ಬ್ಯುರೇಟರ್ ಬಿಚ್ಚಿ, ತಟ್ಟೆಯಲ್ಲಿ ಪೆಟ್ರೋಲ್ ಸುರಿದುಕೊಂಡು ಜಗಲಿಯ ಮೇಲೆ ತೊಳೆಯುತ್ತಿದ್ದ. ಆ ವಾಸನೆ ಒಳಗೆ ಬಂದಿದ್ದೇ ತಡ, ನನ್ನ ಎರಡೂ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡವು. “ಯಾಕಕ್ಕ, ತಲೆ ಸುತ್ತತಾ?” ಎಂದ. ಇಲ್ಲ ಎಂದೆ. ಅದನ್ನು ಅವನಿಗೆ ಹೇಗೆ ವಿವರಿಸುವುದು... ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು.

ಆಗ ಕಿಬ್ಬನಹಳ್ಳಿ ಕ್ರಾಸಿನಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ನನ್ನ ಎರಡೂ ಕಾಲು ಹೋಗಿದ್ದವು. ನಮ್ಮ ಮನೆ ತೋಟದೊಳಗೆ. ಅಲ್ಲಿಂದ ಮಣ್ಣಿನ ದಾರಿಯಲ್ಲಿ ಬಂದು, ಹೆದ್ದಾರಿ ದಾಟಿದರೆ ಬೂತ್. ದಿನಾ ಅಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರಿಗೆ ಸೊಂಟ ಹಿಡಿದುಕೊಂಡು ಹಾಸಿಗೆ ಸೇರಿದರು. ತಮ್ಮ ಆಗ ಊರಲ್ಲಿರಲಿಲ್ಲ. ಬೂತಿನ ಬಾಗಿಲು ಮುಚ್ಚಿತು. ಮತ್ತೆ ಮನೆಯ ಮೂಲೆಯಲ್ಲಿ ಗೋಡೆ ನೋಡುತ್ತಾ ಕೂರುವ ದಿನಗಳು ಬಂದವಲ್ಲ ಎಂದು ನನಗೆ ಊಟವೇ ಸೇರುತ್ತಿರಲಿಲ್ಲ.

ಕ್ರಾಸಿನಲ್ಲೇ ಗ್ಯಾರೇಜ್ ಇಟ್ಟುಕೊಂಡಿದ್ದವರು ಸಾಹೇಬರು. ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ನಾನು ಬೂತಿನಲ್ಲಿದ್ದಾಗ ಸೌದಿಯಲ್ಲಿದ್ದ ಅಳಿಯನಿಗೆ ಫೋನ್ ಮಾಡಲು ಬರುತ್ತಿದ್ದರು. ಬೂತ್ ಮುಚ್ಚಿದ್ದು ಯಾಕೆಂದು ಕೇಳಿಕೊಂಡು ಒಂದು ದಿನ ಮನೆಗೇ ಬಂದರು. ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಹೋದರು.

ಸ್ವಲ್ಪ ದಿನದಲ್ಲೇ ಟೆಂಪೋದಲ್ಲಿ ಒಂದು ಸಣ್ಣ ಗಾಡಿ ಹಾಕಿಕೊಂಡು ಬಂದರು. ನಾಲ್ಕು ಪುಟ್ಟ ಚಕ್ರ, ನೆಲಕ್ಕೆ ತಾಗುವಂಥ ಸೀಟು, ಸೀಟಿನ ಹಿಂದೆ ಒಂದು ಸಣ್ಣ ಎಂಜಿನ್. ಗೋ-ಕಾರ್ಟ್ ಎನ್ನುತ್ತಾರೆ ಅದಕ್ಕೆ. ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರು ಮೊಮ್ಮಗ ಆಡಲೆಂದು ತರಿಸಿದ್ದರಂತೆ. ಆ ಹುಡುಗ ಗೋಡೆಗೆ ಗುದ್ದಿಕೊಂಡು ಕೈ ಮುರಿದುಕೊಂಡ ಮೇಲೆ ಗೋಡೌನಿನಲ್ಲಿ ಬಿದ್ದಿತ್ತಂತೆ. ಸಾಹೇಬರು ಅದನ್ನು ಕೇಳಿ ತಂದು, ಕಾಲಿನಲ್ಲಿ ಒತ್ತುವ ಬ್ರೇಕು ಮತ್ತು ಆಕ್ಸಿಲೇಟರನ್ನು ಕೈಗೆ ಸಿಗುವ ಹಾಗೆ ಸ್ಟಿಯರಿಂಗ್ ಪಕ್ಕಕ್ಕೆ ಬದಲಾಯಿಸಿದ್ದರು. ಎಂಜಿನ್ನಿನ ಹಗ್ಗವನ್ನು ಹಿಂದಿನಿಂದ ಯಾರಾದರೂ ಎಳೆದು ಸ್ಟಾರ್ಟ್ ಮಾಡಿಕೊಟ್ಟರೆ ಸಾಕು, ಉಳಿದದ್ದೆಲ್ಲ ನನ್ನ ಕೈಯಲ್ಲೇ.

ಬೆಳಿಗ್ಗೆ ಅಮ್ಮ ಹಗ್ಗ ಎಳೆದುಕೊಡುತ್ತಿದ್ದರು. ತೆಂಗಿನ ಸಾಲುಗಳ ನಡುವೆ ನಾನೇ ಗಾಡಿ ಓಡಿಸಿಕೊಂಡು ಹೋದ ಮೊದಲ ದಿನ ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ... ಆದರೆ ಹೆದ್ದಾರಿಯ ಅಂಚಿಗೆ ಬಂದು, ಬಸ್ಸು ಲಾರಿಗಳು ಹೋಗಲಿ ಎಂದು ಕಾಯುತ್ತಾ ನಿಂತರೆ ಎಂಜಿನ್ನಿನ ಸದ್ದು ಇಳಿಯುತ್ತಾ ಹೋಗಿ ಟಪ್ಪೆಂದು ನಿಂತುಬಿಡುತ್ತಿತ್ತು. ಹಗ್ಗ ನನ್ನ ಬೆನ್ನ ಹಿಂದೆ. ನನಗೆ ತಿರುಗಲೂ ಆಗದು, ಇಳಿಯಲೂ ಆಗದು. ದಾರಿಹೋಕರು ಯಾರಾದರೂ ಬರುವವರೆಗೂ ಬಿಸಿಲಲ್ಲಿ ಕೂತಿರಬೇಕು. ಇದೇ ಗಾಡಿ ರಸ್ತೆಯ ಮಧ್ಯದಲ್ಲಿ ನಿಂತರೆ? ಅಷ್ಟು ತಗ್ಗಿನಲ್ಲಿ ಕೂತ ನಾನು ಲಾರಿ ಡ್ರೈವರನ ಕಣ್ಣಿಗೆ ಬೀಳುತ್ತೇನಾ? ಮಲಗಿದರೂ ಅದೇ ಯೋಚನೆ.

ಸಾಹೇಬರು ಕಾರ್ಬ್ಯುರೇಟರ್ ಬಿಚ್ಚಿದರು. ಪೆಟ್ರೋಲಿನಲ್ಲಿ ತೊಳೆದು, ಕೂದಲೆಳೆಯಂಥ ತೂತಿನೊಳಗೆ ಸಣ್ಣ ತಂತಿ ಆಡಿಸಿ, ಬಾಯಿಯಿಂದ ಊದಿದರು. “ನಾರಿನ ಧೂಳು ಕಣಮ್ಮ, ಹೋಯ್ತು ಬುಡು,” ಎಂದರು. ನಾಲ್ಕು ದಿನ ಸರಿಯಾಗಿತ್ತು. ಆಮೇಲೆ ಮತ್ತೆ ಅದೇ ಕಥೆ. ತಣ್ಣಗಿದ್ದಾಗ ಚೆನ್ನಾಗಿಯೇ ಓಡುವ ಎಂಜಿನ್ ಬಿಸಿಯಾದ ಮೇಲೆ ನಿಂತಲ್ಲಿ ಆಫ್ ಆಗುತ್ತಿತ್ತು.

“ಎಲ್ಲೋ ಗಾಳಿ ಎಳ್ಕೊತಾ ಐತೆ. ನಾಳೆ ತಿಪಟೂರಿಂದ ಸಂದಿಗೆ ಹಾಕೋ ಗ್ಯಾಸ್ಕೆಟ್ ತತ್ತೀನಿ. ಅಲ್ಲಿಗಂಟ ಐಡ್ಲಿಂಗ್, ಅದೇ ನಿಂತಾಗಿನ ಸ್ಪೀಡು, ಒಂಚೂರು ಏರ್ಸಿರ್ತೀನಿ, ಆಫ್ ಆಗಾಕಿಲ್ಲ,” ಎಂದು ಒಂದು ಸ್ಕ್ರೂ ತಿರುಗಿಸಿದರು. ಎಂಜಿನ್ ಜೋರಾಗಿ ಗುನುಗಿತು. ನನಗೆ ಅಷ್ಟೇ ಬೇಕಿತ್ತು.

ಮರುದಿನ ಅವರು ತಿಪಟೂರಿಗೆ ಹೋದರು. ನಾನು ಎಂದಿನಂತೆ ಹೆದ್ದಾರಿಯ ಅಂಚಿಗೆ ಬಂದು ಬ್ರೇಕ್ ಹಿಡಿದು ನಿಂತೆ. ಎಂಜಿನ್ ನಿಲ್ಲಲಿಲ್ಲ. ಬದಲಿಗೆ, ನಾನು ಆಕ್ಸಿಲೇಟರ್ ಮುಟ್ಟದೇ ಇದ್ದರೂ ಅದರ ಸದ್ದು ಏರತೊಡಗಿತು. ಆ ಗಾಡಿಗೆ ಗೇರ್ ಇರಲಿಲ್ಲ. ಎಂಜಿನ್ನಿನ ವೇಗ ಒಂದು ಮಟ್ಟ ಮೀರಿದರೆ ಚಕ್ರಗಳು ತಾವಾಗಿಯೇ ತಿರುಗುತ್ತಿದ್ದವು. ಗಾಡಿ ಒಮ್ಮೆ ಜಗ್ಗಿ ಮುಂದೆ ಸರಿಯಿತು. ಎರಡೂ ಕೈಯಲ್ಲಿ ಬ್ರೇಕ್ ಎಳೆದು ಹಿಡಿದೆ. ಆದರೂ ಸರಿಯಿತು. ಬ್ರೇಕ್ ಸುಡುವ ಕಮಟು ವಾಸನೆ. ತಿಪಟೂರಿನ ಕಡೆಯಿಂದ ಕಾಯಿ ತುಂಬಿದ ಲಾರಿ ಬರುತ್ತಿತ್ತು.

ಎಂಜಿನ್ ಆಫ್ ಮಾಡುವ ಸ್ವಿಚ್ ಬಲಗಡೆಗಿತ್ತು. ಅದನ್ನು ಒತ್ತಬೇಕಾದರೆ ಬ್ರೇಕಿನಿಂದ ಒಂದು ಕೈ ಬಿಡಬೇಕು. ಕೈ ಬಿಟ್ಟರೆ ಗಾಡಿ ನುಗ್ಗುತ್ತದೆ. ಬಿಡದಿದ್ದರೂ ಇಷ್ಟಿಷ್ಟೇ ಹೋಗುತ್ತಲೇ ಇದೆ. ಒತ್ತಿದೆನೆಂದೇ ಇಟ್ಟುಕೊಳ್ಳಿ, ಎಂಜಿನ್ ಟಾರಿನ ಮೇಲೆ ಸತ್ತರೆ ಮತ್ತೆ ಹಗ್ಗ ಎಳೆಯುವವರು ಯಾರು? ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಹಿಡಿದಿರಬೇಕು... ಮುಂದಿನ ಚಕ್ರಗಳು ಟಾರು ಹತ್ತಿದವು. ಲಾರಿಯ ಹಾರನ್ ಕಿವಿಯೊಳಗೇ ಕೂಗಿತು. ಕಣ್ಣು ಮುಚ್ಚಿ ಕೈ ಬಿಟ್ಟು ಸ್ವಿಚ್ ಒತ್ತಿದೆ.

ಲಾರಿ ಪಕ್ಕಕ್ಕೆ ವಾಲಿಕೊಂಡು ನನ್ನ ಮುಂದಿನಿಂದ ಹೋಯಿತು. ಅದರ ಗಾಳಿಗೆ ನನ್ನ ದುಪಟ್ಟಾ ಮುಖಕ್ಕೆ ಸುತ್ತಿಕೊಂಡಿತು. ಕಾಯಿ ಸುಲಿಯಲು ಹೊರಟಿದ್ದ ಇಬ್ಬರು ಹೆಂಗಸರು ಓಡಿಬಂದು ಗಾಡಿಯನ್ನು ಹಿಂದಕ್ಕೆ ಎಳೆದರು. “ಅಯ್ಯೋ ನಿನ್ ಮನೆ ಕಾಯ್ವೋಗ, ಯಾರು ಕಣೇ ನಿನ್ನ ಒಬ್ಳೇ ಬುಟ್ಟೋರು!” ಎಂದು ಒಬ್ಬಾಕೆ ಬೈಯುತ್ತಲೇ ನನ್ನ ಬೆನ್ನು ಸವರಿದಳು.

ಸಂಜೆ ಸುದ್ದಿ ಕೇಳಿ ಸಾಹೇಬರು ಬಂದರು. ಅಮ್ಮ ಕೊಟ್ಟ ಕಾಫಿಯನ್ನು ಕುಡಿಯದೆ ಪಕ್ಕಕ್ಕಿಟ್ಟರು. “ನಾನೇ ಏರ್ಸಿದ್ದು... ಬೇಡ, ಇದನ್ನ ವಾಪಸ್ ತಗೊಂಡು ಹೋಗ್ತೀನಿ,” ಎಂದರು.

ಒಳಗಿನಿಂದ ಅಪ್ಪ, “ಹೂಂ, ಸಾಕು ಬುಡ್ರೀ ಸಾಹೇಬ್ರೇ. ಮಗಳು ಮನೇಲಿ ಇರ್ಲಿ,” ಎಂದರು.

ಮನೇಲಿ ಇರ್ಲಿ ಎಂಬ ಆ ಮಾತು ಕೇಳಿ ಲಾರಿಗಿಂತ ಹೆಚ್ಚು ಹೆದರಿದೆ. “ನಾಳೆ ಬೂತ್ ತೆಗೀಬೇಕು ಸಾಹೇಬ್ರೇ. ಏನಾರ ಮಾಡಿ,” ಎಂದೆ. ಅಳು ಬಂತು. ಅವರು ಎದ್ದು ಗಾಡಿಯ ಹತ್ತಿರ ಹೋಗಿ ಕೂತರು.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿಯಾಗಲು ಬಿಟ್ಟು, ಕಾರ್ಬ್ಯುರೇಟರ್ ಎಂಜಿನ್ನಿಗೆ ಸೇರುವ ಜಾಗದ ಸುತ್ತ ಬೆರಳಿನಿಂದ ಆಯಿಲ್ ಹಚ್ಚುತ್ತಾ ಬಂದರು. ಒಂದು ಕಡೆ ಹಚ್ಚಿದೊಡನೆ ಸದ್ದು ಬದಲಾಯಿತು. ಗಾಳಿ ಎಳೆದುಕೊಳ್ಳುತ್ತಿದ್ದದ್ದು ಅಲ್ಲೇ. ತಂದಿದ್ದ ಹೊಸ ಗ್ಯಾಸ್ಕೆಟ್ ಕೂರಿಸಿ, ಸ್ಕ್ರೂ ಇಳಿಸಿ, ಎಂಜಿನ್ ಬಿಸಿಯಾದ ಮೇಲೂ ಒಂದೇ ಸಮನೆ ಗುನುಗುವವರೆಗೆ ಹೊಂದಿಸಿದರು. ಆದರೂ ಅವರಿಗೆ ಸಮಾಧಾನವಿರಲಿಲ್ಲ. ಬೆಳಿಗ್ಗೆ ಬೇಗನೇ ಬಂದು, ಹಿಂದಿದ್ದ ಹಗ್ಗಕ್ಕೆ ಉದ್ದ ಜೋಡಿಸಿ, ಒಂದು ಪುಟ್ಟ ರಾಟೆಯ ಮೇಲೆ ಹಾಯಿಸಿ, ನನ್ನ ಎಡಗೈಗೆ ಸಿಗುವಂತೆ ತಂದು ಕಟ್ಟಿದರು.

“ಈಗ ಆಫ್ ಆದ್ರೆ ಆಗ್ಲಿ ಬುಡಮ್ಮ. ನೀನೇ ಸ್ಟಾರ್ಟ್ ಮಾಡ್ಕೊ. ಯಾರ್ನೂ ಕಾಯಂಗಿಲ್ಲ.”

ಅಂಗಳದಲ್ಲಿ ಎಷ್ಟು ಸಲ ಎಳೆಸಿದರೋ. ಭುಜ ಊದಿಕೊಂಡಿತು. ಅವತ್ತು ನಾನು ರಸ್ತೆ ದಾಟಿದೆ. ಬಾಯೆಲ್ಲ ಒಣಗಿತ್ತು. ಆದರೆ ದಾಟಿದ್ದೆ.

ಹೀಗೆ ಕೆಲವು ವರ್ಷ ನಡೆಯಿತು. ಎಲ್ಲರ ಕೈಗೂ ಮೊಬೈಲ್ ಬಂದು ಬೂತಿಗೆ ಬರುವವರೇ ಇಲ್ಲವಾದಾಗ ಅದನ್ನು ಮುಚ್ಚಿ, ತುರುವೇಕೆರೆಯಲ್ಲಿ ಕೆಲಸ ಹಿಡಿದು ಅಲ್ಲೇ ಉಳಿದೆ. ಸಾಹೇಬರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಮಣ್ಣಾಗಿ ತಿಂಗಳೇ ಕಳೆದಿತ್ತು. ಅವರ ಮನೆಗೆ ಹೋದೆ. ಗ್ಯಾರೇಜಿಗೆ ಬೀಗ ಬಿದ್ದಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತರು.

“ಎಷ್ಟು ಬೈದಿದೀನಮ್ಮ ಅವ್ರಿಗೆ. ಬೆಳಿಗ್ಗೆ ಗಿರಾಕಿ ಬಂದು ಕಾಯ್ತಿದ್ರೂ ಇವ್ರು ರಸ್ತೇಲಿ ಹುಣಸೆಮರದ ಹಿಂದ್ಗಡೆ ನಿಂತಿರೋರು. ನೀನು ದಾಟಿ ಬೂತ್ ಬಾಗ್ಲು ತೆಗೆಯೋಗಂಟ ಒಂದ್ ಲೋಟ ಟೀ ಸೈತ ಕುಡೀತಿರ್ಲಿಲ್ಲ. ಸಂಜೆನೂ ಅಷ್ಟೇಯ. ಹೋಗಿ ಜೊತೇಲಿ ದಾಟ್ಸಿ ಅಂದ್ರೆ, ‘ಬೇಡ, ಅವ್ಳು ನೋಡಿದ್ರೆ ನಂಗೂ ಭಯ ಅಂತ ಗೊತ್ತಾಗೋಯ್ತದೆ’ ಅಂತಿದ್ರು.”

ಅಷ್ಟು ವರ್ಷ ಅತ್ತ ಇತ್ತ ಬರುವ ಲಾರಿಗಳನ್ನು ನೋಡಿದ ನಾನು ಒಂದು ದಿನವೂ ಆ ಮರದ ಕಡೆ ನೋಡಿರಲಿಲ್ಲ...

ಈಗ ತೋಟದ ಮನೆಗೇ ವಾಪಸ್ ಬಂದಿದ್ದೇನೆ. ರಸ್ತೆ ಅಗಲವಾಗಿದೆ, ಹುಣಸೆಮರ ಕಡಿದಿದ್ದಾರೆ. ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ, ಪಕ್ಕಕ್ಕೆ ಎರಡು ಚಕ್ರ ಇರುವ ಸ್ಕೂಟರ್ ಇದೆ ನನ್ನ ಬಳಿ. ಆದರೂ ಅಂಚಿಗೆ ಬಂದು ನಿಂತರೆ ಇಂದಿಗೂ ಎದೆ ಡವಡವ ಎನ್ನುತ್ತದೆ. ಒಮ್ಮೆ ಮರವಿದ್ದ ಕಡೆ ನೋಡುತ್ತೇನೆ. ಯಾರೂ ಇರುವುದಿಲ್ಲ. ಆಮೇಲೆ ದಾಟುತ್ತೇನೆ.